ಓರಾಗೆ ಇಟ್ಟ ಪಾಲು

"ಮೂಗು ಮುಚ್ಕೊಂಡು ನೋಡು," ಎಂದ ದಹ್ಲಾನ್ ಚಿಕ್ಕಪ್ಪ, ಕವಲುಗೋಲಿನ ತುದಿಯಿಂದ ಆ ಉಂಡೆಯನ್ನು ನನ್ನ ಬೂಟಿನ ಹತ್ತಿರಕ್ಕೆ ಉರುಳಿಸುತ್ತ.

ಅದು ಓರಾ ಕಕ್ಕಿದ ಉಂಡೆ. ಪ್ರವಾಸಿಗರು ಡ್ರ್ಯಾಗನ್ ಎಂದು ಕರೆದು ದೂರದಿಂದ ಫೋಟೊ ತೆಗೆದುಕೊಳ್ಳುವ ಆ ದೈತ್ಯ ಉಡವನ್ನು ನಾವು ಓರಾ ಎನ್ನುತ್ತೇವೆ. ನುಂಗಿದ್ದರಲ್ಲಿ ಅರಗದೆ ಉಳಿದದ್ದನ್ನು ಅದು ಹೀಗೆ ಲೋಳೆ ಸುತ್ತಿ ಹೊರಗೆ ಹಾಕುತ್ತದೆ. ಅದರ ನಾತ ಎಂಥದ್ದೆಂದರೆ, ಕಕ್ಕಿದ ಓರಾ ಕೂಡ ಮೂತಿಯನ್ನು ಹುಲ್ಲಿಗೆ ಉಜ್ಜಿಕೊಂಡೇ ಮುಂದೆ ಹೋಗುವುದು.

ಕಡ್ಡಿಯಿಂದ ಬಿಡಿಸಿದೆ. ಜಿಂಕೆಯ ಕೂದಲು ಬಂತು, ಗೊರಸಿನ ಚೂರು ಬಂತು. ಅದರ ನಡುವೆ ಚೌಕಾಕಾರದ ಹಿತ್ತಾಳೆಯ ತುಂಡೊಂದು ಸಿಕ್ಕಿತು. ಹುಲ್ಲಿನಿಂದ ಒರೆಸಿ ಬಿಸಿಲಿಗೆ ಹಿಡಿದೆ. ರಾಷ್ಟ್ರೀಯ ಉದ್ಯಾನದ ಗಾರ್ಡುಗಳು ಕಟ್ಟುವ ಬೆಲ್ಟಿನ ಬಕಲ್.

ಕಳೆದ ವಾರ ಈ ಕಣಿವೆಯಲ್ಲಿ ಕಾಣೆಯಾದ ಗಾರ್ಡ್ ಕೊನ್ರಾದುಸ್‌ನದು ಒಂದು ಬೂಟು ಮಾತ್ರ ಇದುವರೆಗೆ ನಮಗೆ ಸಿಕ್ಕಿತ್ತು. ಅವನು ಬದುಕಿರಬಹುದೆಂಬ ಆಸೆಯನ್ನು ಇನ್ನು ಇಟ್ಟುಕೊಳ್ಳುವಂತಿರಲಿಲ್ಲ.

ಹದಿನೈದು ವರ್ಷದ ಪೊಲೀಸ್ ಕೆಲಸದಲ್ಲಿ ಹೆಣಗಳನ್ನು ನೋಡಿದ್ದೇನೆ. ಆದರೆ ಒಬ್ಬ ಮನುಷ್ಯ ಇಷ್ಟು ಚಿಕ್ಕದಾಗಿ ಕೈಗೆ ಸಿಕ್ಕಿದ್ದನ್ನು ನೋಡಿರಲಿಲ್ಲ.

"ಪಾಪ, ರಾದುಸ್," ಎಂದ ಚಿಕ್ಕಪ್ಪ. "ಒಳ್ಳೆ ಮನುಷ್ಯ. ಆ ಸಾಪೆಯವನ ಕೈ ಸೇದಿಹೋಗ. ನಡಿ, ಬಿಸಿಲು ಇಳೀತಾ ಇದೆ. ಇದಕ್ಕಿಂತ ಇನ್ನೇನ್ ಬೇಕು ನಿನಗೆ?"

ಸಾಪೆಯವನೆಂದರೆ ಜಮ್ರುದ್. ಪಶ್ಚಿಮದ ಜಲಸಂಧಿಯಾಚೆಯ ಸಾಪೆ ಊರಿನಿಂದ ಜಿಂಕೆ ಕದಿಯಲು ಬರುವವರಲ್ಲಿ ಒಬ್ಬ. ಕೊನ್ರಾದುಸ್ ಕಾಣೆಯಾದ ದಿನ ಇವನ ದೋಣಿ ಬಂದೂಕು, ಜಿಂಕೆಯ ಕೊಂಬುಗಳ ಸಮೇತ ಕೊಲ್ಲಿಯಲ್ಲಿ ಸಿಕ್ಕಿಬಿದ್ದಿತ್ತು. ಜಿಂಕೆ ಹೊಡೆದದ್ದು ನಿಜ, ದ್ವೀಪದ ಆ ಬದಿಯಲ್ಲಿ ಹೊಡೆದೆ, ಗಾರ್ಡನ್ನು ಕಣ್ಣಿಂದಲೂ ನೋಡಿಲ್ಲ ಎಂದು ಅವನು ಹೇಳಿದ್ದನ್ನೇ ಹೇಳುತ್ತಿದ್ದ. ಕೇಳುವವರಿರಲಿಲ್ಲ. ಇಂದು ಸಂಜೆಯ ಲಾಂಚಿನಲ್ಲಿ ಅವನನ್ನು ನನ್ನ ಠಾಣೆಯಿರುವ ಲಾಬುವಾನ್ ಬಾಜೊ ಪಟ್ಟಣಕ್ಕೆ ಸಾಗಿಸಬೇಕಿತ್ತು. ಗಾರ್ಡನ್ನು ಕೊಂದ ಕಳ್ಳಬೇಟೆಗಾರ ಎಂದು ಪತ್ರಿಕೆಗಳು ಆಗಲೇ ತೀರ್ಪು ಕೊಟ್ಟಿದ್ದವು. ಒಮ್ಮೆ ಲಾಂಚು ಹತ್ತಿದನೆಂದರೆ ಅವನ ಬದುಕು ಮುಗಿದಂತೆಯೇ.

ಅಪರಾಧಿ ಅವನೇ ಆಗಿದ್ದರೆ ನನಗೂ ಸುಖವೇ ಇತ್ತು. ನಾನು ಹುಟ್ಟಿದ್ದು ಇದೇ ಊರಿನಲ್ಲಿ. ತನಿಖೆಗೆಂದು ಬಂದು ಅಮ್ಮನ ಮನೆಯಲ್ಲೇ ಇಳಿದುಕೊಂಡಿದ್ದೆ. ಅಪ್ಪ ಸಮುದ್ರದಲ್ಲಿ ಹೋದ ಮೇಲೆ ನನ್ನನ್ನು ಬೆಳೆಸಿ, ಓದಿಸಿ, ಈ ಸಮವಸ್ತ್ರದವರೆಗೆ ತಂದವನು ಈ ದಹ್ಲಾನ್ ಚಿಕ್ಕಪ್ಪ. ಅವನಿಗೆ ಬೇಡವಾದ ಪ್ರಶ್ನೆಯನ್ನು ಕೇಳುವುದು ನನಗೂ ಬೇಕಿರಲಿಲ್ಲ.

ಆದರೆ ಅವನು ನಡಿ ಎಂದ ರೀತಿ ಸರಿಹೋಗಲಿಲ್ಲ. ಬಂದಾಗಿನಿಂದ ಅವನು ನನ್ನನ್ನು ಹಳ್ಳದ ಎಡದಂಡೆಯಲ್ಲೇ ನಡೆಸಿಕೊಂಡು ಬಂದಿದ್ದ. ನೆರಳಿದ್ದದ್ದು ಬಲದಂಡೆಯಲ್ಲಿ. ಅಲ್ಲಿ, ಹುಣಸೆಮರದ ಬುಡದಲ್ಲಿ, ನೊಣಗಳು ಮುತ್ತಿಕೊಂಡಿದ್ದವು.

"ಅಲ್ಲೇನಿದೆ ಚಿಕ್ಕಪ್ಪ?"

"ಏನಿರತ್ತೆ? ಹಂದಿ ಗಿಂದಿ ಸತ್ತಿರ್ಬೇಕು."

ನಾನು ಒಣಗಿದ ಹಳ್ಳಕ್ಕೆ ಇಳಿದೆ. ಅವನು ಹಿಂದಿನಿಂದ ಏನನ್ನೋ ಹೇಳಿದ. ಕೇಳಿಸದವಳಂತೆ ಮುಂದೆ ಹೋದೆ.

ಹುಣಸೆಯ ಬುಡದಲ್ಲಿ ಹಂದಿ ಇರಲಿಲ್ಲ. ಗೆಬಾಂಗ್ ತಾಳೆಯ ಅಗಲವಾದ ಎಲೆಯೊಂದನ್ನು ನೆಲಕ್ಕೆ ಹಾಸಿ, ಅಂಚುಗಳನ್ನು ಒಳಕ್ಕೆ ಮಡಚಿ, ಸರಿಯದ ಹಾಗೆ ಮೂಲೆಗಳಿಗೆ ಕಲ್ಲು ಹೇರಿದ್ದರು. ನಡುಭಾಗ ಚಿಂದಿಯಾಗಿತ್ತು. ಉಳಿದ ಎಲೆಗೆ ರಕ್ತ ಒಣಗಿ ಕಪ್ಪಗೆ ಅಂಟಿಕೊಂಡಿತ್ತು. ಸುತ್ತಲಿನ ಪೊದೆಗಳ ಮೇಲೆಲ್ಲ ಅರೆ ಜೀರ್ಣವಾದ ಹುಲ್ಲು ಚೆಲ್ಲಿತ್ತು. ಓರಾ ಎಷ್ಟು ಹಸಿದಿದ್ದರೂ ಸಗಣಿ ತಿನ್ನುವುದಿಲ್ಲ. ಕರುಳನ್ನು ಬಾಯಲ್ಲಿ ಹಿಡಿದು ಎಡಕ್ಕೂ ಬಲಕ್ಕೂ ಒದರಿ ಒಳಗಿನದನ್ನು ಚೆಲ್ಲಿ ಆಮೇಲೆ ನುಂಗುತ್ತದೆ. ಇಲ್ಲಿ ಜಿಂಕೆಯ ಕರುಳು ಒದರಿದ್ದು ಒಂದೆರಡು ಓರಾಗಳಲ್ಲ. ಧೂಳಿನಲ್ಲಿ ಬಾಲ ಎಳೆದ ಗುರುತುಗಳು ಒಂದರ ಮೇಲೊಂದು ಹಾದುಹೋಗಿದ್ದವು.

ನಾನು ಅಲ್ಲೇ ಕುಕ್ಕರಿಸಿದೆ.

ಇದನ್ನು ನಾನು ಚಿಕ್ಕವಳಿದ್ದಾಗ ಕಂಡಿದ್ದೆ. ನಮ್ಮೂರಿನವರಿಗೆ ಓರಾ ಒಡಹುಟ್ಟು. ಒಂದೇ ಬಸಿರಲ್ಲಿ ಮನುಷ್ಯನನ್ನೂ ಓರಾವನ್ನೂ ಹೆತ್ತ ತಾಯಿಯೊಬ್ಬಳ ವಂಶ ನಮ್ಮದೆಂದು ನಂಬಿ ಬಂದವರು. ಜಿಂಕೆ ಕೊಂದವರು ತಲೆ ಮತ್ತು ಕರುಳನ್ನು ಒಡಹುಟ್ಟಿದವರ ಪಾಲೆಂದು ಎಲೆಯ ಮೇಲೆ ಬಡಿಸಿಟ್ಟು ಬರಬೇಕು. ಇಡದೆ ಬಂದರೆ ಮನೆಯ ಮಕ್ಕಳಿಗೆ ಕೇಡು. ಬೇಟೆಗೆ ನಿಷೇಧ ಬಂದ ಮೇಲೆ ಪಾಲಿಡುವುದೂ ನಿಂತಿತೆಂದು ನಾನು ತಿಳಿದಿದ್ದೆ.

ಸಾಪೆಯವರು ಪಾಲಿಡುವುದಿಲ್ಲ. ಗುಂಡು ಹೊಡೆದು, ತೊಡೆ ಕೊಯ್ದುಕೊಂಡು, ಉಳಿದದ್ದನ್ನು ಬಿದ್ದಲ್ಲೇ ಬಿಟ್ಟು ದೋಣಿ ಹತ್ತುತ್ತಾರೆ. ಈ ಎಲೆ ಹಾಸಿದವರು ಜಮ್ರುದ್‌ನ ಕಡೆಯವರಲ್ಲ, ನಮ್ಮವರು. ಗಾರ್ಡಿನ ಕೈಗೆ ಸಿಕ್ಕಿಬಿದ್ದು, ಮೈಮೇಲೆ ಕೇಸು ಬರುವ ಹೊತ್ತಿನಲ್ಲೂ ಮಡಿಕೆ ತಪ್ಪದಂತೆ ಎಲೆ ಹಾಸಿ, ಕಲ್ಲು ಹುಡುಕಿ ತಂದಿಟ್ಟು ಹೋಗುವ ತಪ್ಪನ್ನು ಲೋಕದಲ್ಲಿ ನಮ್ಮೂರಿನವರಲ್ಲದೆ ಇನ್ನಾರೂ ಮಾಡಲಾರರು.

ಆ ಪಾಲಿನ ವಾಸನೆಗೆ ಕಣಿವೆಯ ಓರಾಗಳೆಲ್ಲ ಇಲ್ಲಿಗೆ ಬರುತ್ತವೆಂಬುದೂ ಅವರಿಗೆ ಗೊತ್ತಿರಲೇಬೇಕು. ಕೊನ್ರಾದುಸ್‌ನ ಬೂಟು ಸಿಕ್ಕಿದ್ದು ಇಲ್ಲಿಂದ ಕೂಗಳತೆಯಲ್ಲಿ.

ಒಂದು ಕಲ್ಲನ್ನು ಸರಿಸಿ ಎಲೆಯನ್ನು ಎತ್ತಲು ಹೋದೆ. ದೇಟಿನ ಮುಳ್ಳು ಅಂಗೈಯನ್ನು ಸೀಳಿತು. ನೋವಿಗಿಂತ ಮೊದಲು ರಕ್ತ ಬಂತು, ಮಣಿಕಟ್ಟಿನಿಂದ ಇಳಿದು ಧೂಳಿಗೆ ತೊಟ್ಟಿಕ್ಕಿತು.

ಈ ಕಣಿವೆಯಲ್ಲಿ ರಕ್ತ ಸುರಿಸಿಕೊಂಡು ನಿಲ್ಲಬಾರದೆಂದು ನಮ್ಮೂರಿನ ಮಗು ನಡೆಯಲು ಕಲಿಯುವ ಮೊದಲೇ ಕಲಿಯುತ್ತದೆ. ತಲೆಗೆ ಸುತ್ತಿದ್ದ ಬಟ್ಟೆಯ ಸೆರಗನ್ನು ಹರಿದು ಅಂಗೈಗೆ ಬಿಗಿದೆ. ಗಾಳಿ ನನ್ನ ಬೆನ್ನ ಕಡೆಯಿಂದ ಹಳ್ಳದ ಮೇಲ್ಭಾಗಕ್ಕೆ ಬೀಸುತ್ತಿತ್ತು.

ಮೇಲ್ಭಾಗದಲ್ಲಿ, ನಾನು ಬಂಡೆ ಎಂದುಕೊಂಡಿದ್ದದ್ದು ತಲೆ ಎತ್ತಿತು.

ಅದು ಅವಸರ ಮಾಡಲಿಲ್ಲ. ನಾಲಿಗೆ ಹೊರಗೆ ಬಂತು, ಒಳಗೆ ಹೋಯಿತು. ಮುಂಗಾಲನ್ನು ಇಟ್ಟು, ಸೊಂಟ ತಿರುಗಿಸಿ, ಇನ್ನೊಂದು ಕಾಲಿಟ್ಟಿತು. ಬಾಯಿಯ ಅಂಚಿನಿಂದ ಜೊಲ್ಲು ಇಳಿಯುತ್ತಿತ್ತು. ಓಡಬಾರದು ಎಂಬುದು ಗೊತ್ತಿತ್ತು. ನಿಧಾನವಾಗಿ ಎದ್ದು ನಿಂತೆ. ಓರಾಗಳ ಜಾಗಕ್ಕೆ ಬಂದೂಕು ತರಬಾರದೆಂದು ಊರ ಹಿರಿಯರು ಹಟ ಹಿಡಿದಿದ್ದರಿಂದ ನನ್ನ ಬಳಿ ಏನೂ ಇರಲಿಲ್ಲ. ಇದ್ದದ್ದು ಚಿಕ್ಕಪ್ಪನ ಕೈಯಲ್ಲಿ ಒಂದು ಕವಲುಗೋಲು.

"ಚಿಕ್ಕಪ್ಪ, ಬಾ ಈಕಡೆ."

ಅವನು ಎದುರು ದಂಡೆಯ ಮೇಲೆ ನಿಂತಿದ್ದ. ಕೋಲನ್ನು ನೆಲಕ್ಕೂರಿ ಎರಡೂ ಕೈಗಳನ್ನು ಅದರ ಮೇಲಿಟ್ಟಿದ್ದ. ಪ್ರವಾಸಿಗರನ್ನು ಕರೆದುಕೊಂಡು ಬಂದಾಗ, ಅವರು ಫೋಟೊ ತೆಗೆದು ಮುಗಿಸಲಿ ಎಂದು ಕಾಯುವಾಗ ನಿಲ್ಲುವ ಹಾಗೆ.

"ಆ ಎಲೇನ ಏನ್ ಮಾಡ್ತೀಯಾ ಹಮ್ಸಿ?" ಎಂದು ಕೇಳಿದ.

ಓರಾ ಇನ್ನೊಂದು ಹೆಜ್ಜೆ ಇಟ್ಟಿತು. ಅದರ ಉಗುರು ಕಲ್ಲಿಗೆ ತಾಗಿದ ಸದ್ದು ಕೇಳಿಸಿತು.

"ಮೊದ್ಲು ಕೋಲು ಅಡ್ಡ ಹಿಡಿ."

"ಹಿಡೀತೀನಿ. ನಾನು ಕೇಳಿದ್ದಕ್ಕೆ ಹೇಳು."

ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಇದೇ ಗುಡ್ಡ ಹತ್ತಿಸಿದ ಮನುಷ್ಯನ ದನಿಯಾಗಿರಲಿಲ್ಲ ಅದು. ನನಗೆ ಓರಾ ಕಂಡಾಗ ಆದದ್ದಕ್ಕಿಂತ ದೊಡ್ಡ ಭಯ ಆಗ ಆಯಿತು. ಓರಾಗೆ ನನ್ನ ಮೇಲೆ ಹಗೆ ಇರಲಿಲ್ಲ; ಅದಕ್ಕೆ ಹಸಿವು ಅಷ್ಟೇ. ಇವನ ಮನಸ್ಸಿನಲ್ಲಿ ಏನಿದೆ ಎಂದು ಮಾತ್ರ ನನಗೆ ತಿಳಿಯಲಿಲ್ಲ. ಸುಳ್ಳು ಹೇಳಿ ಜೀವ ಉಳಿಸಿಕೊಳ್ಳಬಹುದಿತ್ತು. ಇಲ್ಲೇ ಹೂತುಹಾಕುತ್ತೇನೆ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹಾಗೆ ಹೇಳಿದರೆ ಹೂಳಲೇಬೇಕು, ಅವನು ಪಕ್ಕದಲ್ಲೇ ನಿಂತು ಹೂಳಿಸುತ್ತಾನೆ. ಜಮ್ರುದ್‌ನ ಪರವಾಗಿ ಇಡೀ ದ್ವೀಪದಲ್ಲಿ ಮಾತಾಡುವುದು ಈ ಎಲೆಯೊಂದೇ.

"ಜೊತೇಲಿ ತಗೊಂಡು ಹೋಗ್ತೀನಿ," ಎಂದೆ.

ಚಿಕ್ಕಪ್ಪ ನನ್ನನ್ನು ನೋಡುತ್ತಲೇ ಇದ್ದ. ಓರಾ ಹುಣಸೆಯ ಹತ್ತಿರಕ್ಕೆ ಬಂದು ನಿಂತಿತು. ಅದರ ಬಾಯಿಯ ಕೊಳೆತ ವಾಸನೆ ನನಗೆ ತಟ್ಟಿತು. ನನ್ನ ರಕ್ತ ಬಿದ್ದ ಧೂಳನ್ನು ಅದು ನಾಲಿಗೆಯಿಂದ ಮುಟ್ಟಿತು, ಆಮೇಲೆ ನನ್ನ ಕಡೆ ತಿರುಗಿತು.

ಆಗ ಅವನು ಇಳಿದು ಬಂದ. ಕೋಲಿನ ಕವಲನ್ನು ಓರಾದ ಕತ್ತಿಗೆ ಕೊಟ್ಟು ಪಕ್ಕಕ್ಕೆ ತಳ್ಳಿದ, ಗದರಲಿಲ್ಲ. ಹೋಗಕ್ಕ, ಇವಳು ನಮ್ಮವಳೇ ಎಂದು ಮೆಲ್ಲಗೆ ಹೇಳಿದ. ಅದು ಬುಸುಗುಟ್ಟಿ ಬಾಲ ಬೀಸಿತು. ಇನ್ನೊಮ್ಮೆ ತಳ್ಳಿದ ಮೇಲೆ ತಿರುಗಿ ಹುಲ್ಲಿನೊಳಗೆ ಹೋಯಿತು. ಹುಲ್ಲು ಅಲ್ಲಾಡುವುದು ನಿಂತರೂ ಅದು ದೂರ ಹೋಗಿರಲಿಲ್ಲ ಎಂಬುದು ನಮ್ಮಿಬ್ಬರಿಗೂ ಗೊತ್ತಿತ್ತು.

ನಾನು ಹುಣಸೆಯ ಬುಡಕ್ಕೆ ಒರಗಿದೆ. ಕಣ್ಣಲ್ಲಿ ನೀರು ಬಂದದ್ದು ಭಯಕ್ಕೋ ಸಿಟ್ಟಿಗೋ ಹೇಳಲಾರೆ.

"ಜಿಂಕೆಗೆ ಉರುಳು ಹಾಕಿದ್ದು ನೀನೇ ಅಲ್ವಾ?"

"ನಾನೇ. ನಿನ್ನಣ್ಣನ ಮಗನ ಸುನ್ನತಿಗೆ ಬಂದ ನೆಂಟರಿಗೆಲ್ಲ ಒಣಮೀನು ಬಡಿಸ್ಬೇಕಿತ್ತಾ? ನಮ್ಮಪ್ಪ ಆಗಿದ್ರೆ ಮೂರು ಜಿಂಕೆ ತರ್ತಿದ್ದ." ಅವನು ಲವಂಗದ ಸಿಗರೇಟು ಹಚ್ಚಿಕೊಂಡ. "ನೀನೂ ತಿಂದ್ಯಲ್ಲ. ಬಂದ ದಿನ ಇನ್ನೊಂದು ಸಲ ಹಾಕು ಅಂತ ತಟ್ಟೆ ಚಾಚಿದ್ಯಲ್ಲ."

ಅಮ್ಮ ಅದನ್ನು ಒಣಗಿಸಿದ ಆಡಿನ ಮಾಂಸ ಎಂದಿದ್ದಳು. ನಾನು ಬಾಯಿ ಚಪ್ಪರಿಸಿಕೊಂಡು ತಿಂದಿದ್ದೆ. ಕೊನ್ರಾದುಸ್‌ನ ಜೀವಕ್ಕೆ ಎರವಾದ ಜಿಂಕೆಯನ್ನು ನಾನೂ ಉಂಡಿದ್ದೇನೆ ಎಂದು ತಿಳಿದಾಗ ನಾಲಿಗೆಯೇ ಬೇಡವಾಯಿತು.

"ಗಾರ್ಡ್ ಬಂದು ನಿನ್ನನ್ನ ಹಿಡಿದ. ನೀನು ಅವನನ್ನ ಕೆಡವಿ, ಪಕ್ಕದಲ್ಲೇ ಪಾಲಿಟ್ಟು ಹೋದೆ," ಎಂದೆ.

ಅವನು ಹೊಗೆ ಬಿಟ್ಟು ತಲೆಯಾಡಿಸಿದ. ಓದಿ ಓದಿ ನಿನಗೆ ಊರೇ ಮರೆತುಹೋಗಿದೆ ಎಂದು ಹಂಗಿಸಿದ. ಆಮೇಲೆ ಕೋಲಿನ ತುದಿಯನ್ನು ಎಲೆಯ ಅಂಚಿಗೆ ಇಟ್ಟ.

"ಗಂಡಸು ಪಾಲಿಡೋದನ್ನ ಎಲ್ಲಾದ್ರೂ ಕಂಡಿದ್ದೀಯಾ? ಕೊಂದ ಕೈ ಬಡಿಸ್ಬಾರ್ದು. ಹೆತ್ತವಳು ಬಡಿಸ್ಬೇಕು, ಆ ಮನೆ ಹೆಂಗಸೇ ಬಡಿಸ್ಬೇಕು. ನಿನ್ನ ಚಿಕ್ಕಮ್ಮ ಸತ್ತು ಯಾವ ಕಾಲ ಆಯ್ತು? ನನ್ನ ಮನೇಲಿ ಯಾರಿದ್ದಾರೆ? ಆ ಮಡಿಕೆ ನೋಡು ಸರಿಯಾಗಿ."

ನೋಡಿದೆ. ನೋಡದೆ ಇರಬೇಕಿತ್ತು ಎಂದು ಈಗಲೂ ಅನಿಸುತ್ತದೆ.

ರಸ ಸೋರದ ಹಾಗೆ ಅಂಚನ್ನು ಎರಡು ಸಲ ಒಳಕ್ಕೆ ಮಡಚಿ, ಮೂಲೆಯನ್ನು ಹಿಂದಕ್ಕೆ ತಿರುವಿ, ಎಲೆಯ ಸೀಳಿನಲ್ಲೇ ಸಿಕ್ಕಿಸಿದ್ದರು. ಮೀನನ್ನು ಕೆಂಡದ ಮೇಲಿಡಲು ಅಮ್ಮ ಎಲೆ ಕಟ್ಟುವುದು ಹೀಗೆ. ಊರಿನ ಬೇರೆ ಹೆಂಗಸರೆಲ್ಲ ಕಡ್ಡಿ ಚುಚ್ಚುತ್ತಾರೆ. ಅಮ್ಮ ಚುಚ್ಚುವುದಿಲ್ಲ, ಮೂಲೆ ತಿರುವುತ್ತಾಳೆ. ನನ್ನ ಕೈಯೂ ಅದನ್ನೇ ಕಲಿತಿದೆ.

ಅಂದು ನಡೆದದ್ದನ್ನು ಚಿಕ್ಕಪ್ಪ ಹೇಳಿದ. ಜಿಂಕೆ ಕೊಯ್ದು ಮುಗಿಯುವ ಹೊತ್ತಿಗೆ ಕೊನ್ರಾದುಸ್ ಬಂದ. ಕೂಗಾಡಿದ, ಜೈಲು ಅಂದ. ಅಮ್ಮ ಕೈಮುಗಿದು ಮೊಮ್ಮಗನ ಸುನ್ನತಿಯ ಮಾತು ಹೇಳಿದಳು. ಗಾರ್ಡ್ ಮೆತ್ತಗಾದ, ಇದೊಂದು ಸಲಕ್ಕೆ ಬಿಡ್ತೀನಿ ಅಂದ. ಚಿಕ್ಕಪ್ಪ ಮಾಂಸ ಹೊತ್ತು ಮುಂದೆ ಹೋದ. ಪಾಲಿಟ್ಟು ಬರುತ್ತೇನೆಂದು ಅಮ್ಮ ಹಿಂದೆ ಉಳಿದಳು.

"ನಾನು ತಿರುಗಿ ನೋಡ್ದಾಗ ಅವನು ಆ ಕಲ್ಲಿನ ಮೇಲೆ ಕೂತು ನೀರು ಕುಡೀತಿದ್ದ. ಜೀವಂತ ಇದ್ದ ಹಮ್ಸಿ, ಅಲ್ಲಾನಾಣೆ."

"ಅಮ್ಮ?"

"ಒಬ್ಳೇ ಬಂದ್ಲು. ಕೈಕಾಲು ತೊಳ್ಕೊಂಡು ನಮಾಜಿಗೆ ನಿಂತ್ಲು. ನಾನು ಕೇಳ್ಲಿಲ್ಲ, ಅವಳು ಹೇಳ್ಲಿಲ್ಲ." ಅವನು ಸಿಗರೇಟನ್ನು ಕಲ್ಲಿಗೆ ಒತ್ತಿ ಆರಿಸಿದ. "ಈಗ ಯೋಚ್ನೆ ಮಾಡು. ಆ ಸಾಪೆಯವನು ಹೇಗಿದ್ರೂ ಕಳ್ಳ. ಎಲೆ ಒಂದು ಕಡ್ಡಿಗೀರಿದ್ರೆ ಹೋಗತ್ತೆ. ಹೆತ್ತವಳನ್ನ ಬೇಡಿ ಹಾಕಿ ಕರ್ಕೊಂಡು ಹೋಗ್ತೀಯಾ?"

ಬೆಂಕಿಪೆಟ್ಟಿಗೆಯನ್ನು ನನ್ನ ಮುಂದೆ ಹಿಡಿದ.

ನಾನು ಅದನ್ನು ತೆಗೆದುಕೊಂಡೆ. ಇದನ್ನು ಮುಚ್ಚಿಟ್ಟು ಬರೆಯಲಾರೆ. ತೆಗೆದುಕೊಂಡು ಸ್ವಲ್ಪ ಹೊತ್ತು ಕೈಯಲ್ಲಿ ಹಿಡಿದುಕೊಂಡೆ. ದಕ್ಕೆಯ ಕಂಬಕ್ಕೆ ಕಟ್ಟಿಹಾಕಿರುವ ಜಮ್ರುದ್ ಬೆಳಿಗ್ಗೆ ನನ್ನನ್ನು ಕೇಳಿದ್ದು ಒಂದೇ ಮಾತು, ಹೆಂಡತಿಗೆ ದಿನ ತುಂಬಿದೆ ಮೇಡಂ, ಯಾರಾದ್ರೂ ಒಂದು ಮಾತು ತಿಳಿಸ್ತೀರಾ ಎಂದು. ಅವನ ಮುಖ ಕಣ್ಣಿಗೆ ಬಂತು. ಅಮ್ಮನ ಮುಖವೂ ಬಂತು. ಬೆಂಕಿಪೆಟ್ಟಿಗೆಯನ್ನು ಚಿಕ್ಕಪ್ಪನಿಗೆ ವಾಪಸು ಕೊಟ್ಟು, ಎಲೆಯನ್ನು ಮಡಚಿ ಚೀಲಕ್ಕೆ ಹಾಕಿದೆ.

ಅವನು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ರಕ್ತದ ಕೈ ಇದೆ, ನೀನು ಮುಂದೆ ನಡಿ, ನಾನು ಹಿಂದೆ ಕಾಯ್ತೀನಿ ಎಂದಷ್ಟೇ ಹೇಳಿದ.

ಮುಂದೆ ನಡೆದೆ. ಹುಲ್ಲು ಸೊಂಟದೆತ್ತರ ಇತ್ತು. ಎಲ್ಲೋ ಪಕ್ಕದಲ್ಲಿ ಒಣ ಹುಲ್ಲು ಸರಸರ ಎನ್ನುವುದು, ನಾನು ನಿಂತರೆ ತಾನೂ ನಿಲ್ಲುವುದು. ಬೆನ್ನ ಹಿಂದೆ ಚಿಕ್ಕಪ್ಪನ ಕೋಲು ಕಲ್ಲಿಗೆ ತಾಗುತ್ತಿತ್ತು. ಆ ಸದ್ದು ಕೇಳಿಸಿದರೆ ಅವನು ಹತ್ತಿರ ಇದ್ದಾನೆಂಬ ಭಯ, ಕೇಳಿಸದಿದ್ದರೆ ನನ್ನನ್ನು ಬಿಟ್ಟುಹೋದನೆಂಬ ಭಯ. ಕೊನ್ರಾದುಸ್ ಕೂಡ ಹೀಗೇ ಯಾರನ್ನೋ ನಂಬಿ ಬೆನ್ನು ತಿರುಗಿಸಿದ್ದನೇ ಎಂದು ಯೋಚನೆ ಬಂದಾಗ ಬೆನ್ನೆಲ್ಲ ಬೆವರಿತು. ಸಮುದ್ರ ಕಾಣಿಸುವವರೆಗೆ ನಾನು ಸರಿಯಾಗಿ ಉಸಿರಾಡಲಿಲ್ಲ.

ದಕ್ಕೆಯಲ್ಲಿ ಲಾಂಚಿನ ಇಂಜಿನ್ ಶುರುವಾಗಿತ್ತು. ಊರಿನ ಅರ್ಧ ಜನ ಜಮ್ರುದ್‌ಗೆ ಉಗಿದು ಕಳಿಸಲು ಬಂದು ನಿಂತಿದ್ದರು. ನನ್ನ ಕಾನ್ಸ್‌ಟೇಬಲ್ ವಿಬೊವೊ, ಹಲ್ಲಿ ಕಂಡರೂ ಮಂಚ ಹತ್ತುವ ಜಾವಾದ ಹುಡುಗ, ಕೈದಿಯ ಹಗ್ಗವನ್ನು ಕಂಬದಿಂದ ಬಿಚ್ಚುತ್ತಿದ್ದ.

"ಅವನ ಕೈ ಕಟ್ಟು ಬಿಚ್ಚು," ಎಂದೆ.

ವಿಬೊವೊ ನನ್ನ ಅಂಗೈಯ ರಕ್ತವನ್ನೂ ಮುಖವನ್ನೂ ನೋಡಿದ. ಜನ ಗುಜುಗುಜು ಎಂದರು. ಜಿಂಕೆ ಕದ್ದ ಕೇಸು ಇವನ ಮೇಲೆ ಇದ್ದೇ ಇರುತ್ತದೆ, ಕೊಲೆ ಇವನದಲ್ಲ ಎಂದು ಎಲ್ಲರಿಗೂ ಕೇಳುವಂತೆ ಹೇಳಿದೆ. ಜಮ್ರುದ್ ಅಳಲಿಲ್ಲ, ಕೈಮುಗಿಯಲಿಲ್ಲ. ಬಿಚ್ಚಿದ ಮಣಿಕಟ್ಟನ್ನು ಉಜ್ಜಿಕೊಳ್ಳುತ್ತ ಹಲಗೆಯ ಮೇಲೆ ಹಾಗೇ ಕೂತುಬಿಟ್ಟ.

"ಹಾಗಾದ್ರೆ ಲಾಂಚು ಖಾಲಿ ಹೋಗತ್ತಾ ಮೇಡಂ?" ಎಂದು ವಿಬೊವೊ ಕೇಳಿದ. "ನಿಮ್ಮಮ್ಮ ಒಬ್ರೇ ಆಗ್ತಾರಲ್ಲ."

ನನಗೆ ಅರ್ಥವಾಗಲಿಲ್ಲ. ಅವನು ಲಾಂಚಿನ ಕಡೆ ಕೈ ತೋರಿಸಿದ. ಮಧ್ಯಾಹ್ನವೇ ಬಂದು ಕೂತಿದ್ದಾರೆ, ಮಗಳ ಜೊತೆ ಬರ್ತೀನಿ ಅಂದ್ರು, ನಿಮ್ಮ ಮನೆಗೆ ಹೊರಟಿರಬೇಕು ಅಂತ ನಾನೇ ಹತ್ತಿಸಿಕೊಂಡೆ ಎಂದ.

ಅಮ್ಮ ಲಾಂಚಿನ ಹಿಂಬದಿಯ ಬೆಂಚಿನ ಮೇಲೆ ಕೂತಿದ್ದಳು. ಹಬ್ಬಕ್ಕೆ ಮಾತ್ರ ತೊಡುವ ಹಸಿರು ಕೆಬಾಯ ತೊಟ್ಟಿದ್ದಳು. ತೊಡೆಯ ಮೇಲೆ ಒಂದು ಸಣ್ಣ ಗಂಟು. ನಾನು ಹತ್ತಿರ ಹೋಗಿ ಬಗ್ಗಿದೆ. ಅವಳು ನನ್ನ ಚೀಲದಿಂದ ಇಣುಕುತ್ತಿದ್ದ ಎಲೆಯನ್ನು ನೋಡಿದಳು, ನನ್ನ ಅಂಗೈಯ ಬಟ್ಟೆಯನ್ನು ಮುಟ್ಟಿದಳು. ಅವಳ ಬೆರಳುಗಳು ತಣ್ಣಗಿದ್ದವು. ಅಮ್ಮ ಹೆದರಿದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

"ಪಾಲಿಟ್ಟವಳು ನಾನೇ," ಎಂದಳು, ನನಗೊಬ್ಬಳಿಗೇ ಕೇಳುವ ಹಾಗೆ. "ಎಲ್ಲಾನೂ ಹೇಳ್ತೀನಿ, ಅದಕ್ಕೇ ಬಂದು ಕೂತಿದ್ದೀನಿ. ಮೊದ್ಲು ನಿನ್ನ ಚಿಕ್ಕಪ್ಪನ್ನ ದೂರ ನಿಲ್ಲಿಸು ಹಮ್ಸಿ. ಅವತ್ತು ರಾದುಸ್ ಹಿಂದೆಯೂ ಅವನು ಹೀಗೇ ಬಂದು ನಿಂತಿದ್ದ."

ಲಾಂಚು ಒಂದು ಕಡೆಗೆ ವಾಲಿತು. ಯಾರೋ ಹಿಂದಿನಿಂದ ಹತ್ತಿದ್ದರು, ಹಲಗೆಗೆ ಕೋಲು ತಾಗಿದ ಸದ್ದಾಯಿತು.